ವಾಣಿಜ್ಯ ಮತ್ತು ಐಟಿ ನಿರ್ವಹಣೆಯ ಪದವಿ: ಒಂದು ಲಾಟು ಅಡಿಕೆಯ ಲೆಕ್ಕ ಹಿಡಿದು ನೋಡಿದಾಗ

ಮಂಡಿಗೆ ಬಂದ ಒಂದು ಲಾಟು ಅಡಿಕೆ, ಅಂದರೆ ಒಬ್ಬರ ಹೆಸರಿನಲ್ಲಿ ಒಟ್ಟಿಗೆ ಮಾರಾಟಕ್ಕಿಟ್ಟ ಚೀಲಗಳು, ಮಾರಾಟವಾಗಿ ಬೆಳೆಗಾರರ ಖಾತೆಗೆ ಹಣ ಬೀಳುವಷ್ಟರಲ್ಲಿ ಅದರ ವಿವರ ಐದಾರು ಕಡೆ ದಾಖಲಾಗಿರುತ್ತದೆ. ಆವಕದ ಪುಸ್ತಕ, ಟೆಂಡರ್, ತೂಕದ ಚೀಟಿ, ಬಿಲ್ಲು, ಜಿಎಸ್‌ಟಿ ಲೆಕ್ಕ, ಕೊನೆಗೆ ಬ್ಯಾಂಕು. ಒಂದು ಕಡೆ ಬರೆದದ್ದು ಇನ್ನೊಂದು ಕಡೆ ತಾಳೆಯಾಗದಿದ್ದರೆ ಯಾರದೋ ದುಡ್ಡು ಹೋಗುತ್ತದೆ. ಲೆಕ್ಕಪತ್ರ ಮಾತ್ರ ಬಲ್ಲವರಿಗೆ ತಪ್ಪಾಗಿದೆ ಎಂಬುದು ಗೊತ್ತಾಗುತ್ತದೆ, ಎಲ್ಲಿ ಆಯಿತೆಂದು ಹಿಡಿಯಲು ಆಗುವುದಿಲ್ಲ. ಪ್ರೋಗ್ರಾಮಿಂಗ್ ಮಾತ್ರ ಬಲ್ಲವರಿಗೆ ಸಾಫ್ಟ್‌ವೇರ್ ಸರಿಯಾಗಿಯೇ ಓಡುತ್ತಿರುವಂತೆ ಕಾಣುತ್ತದೆ. ಈ ಎರಡೂ ಗೊತ್ತಿರುವವರನ್ನು ತಯಾರು ಮಾಡುವ ಓದೇ ವಾಣಿಜ್ಯ ಮತ್ತು ಮಾಹಿತಿ ತಂತ್ರಜ್ಞಾನ ನಿರ್ವಹಣೆ.

ಇದು ಇತ್ತೀಚೆಗೆ ಹುಟ್ಟಿದ ವಿಷಯವೇನಲ್ಲ. ದೊಡ್ಡ ಕಂಪನಿಗಳು ಸಂಬಳ, ದಾಸ್ತಾನು, ಬಿಲ್ಲುಗಳಿಗೆ ಕಂಪ್ಯೂಟರ್ ಬಳಸತೊಡಗಿದ ಕಾಲದಲ್ಲೇ, 1960ರ ದಶಕದ ಕೊನೆಯಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯ ‘ಮ್ಯಾನೇಜ್‌ಮೆಂಟ್ ಇನ್‌ಫರ್ಮೇಶನ್ ಸಿಸ್ಟಮ್ಸ್’ ಎಂಬ ಹೆಸರಿನಲ್ಲಿ ಇದನ್ನು ಕಲಿಸಲು ಶುರುಮಾಡಿತ್ತು. ನಮ್ಮಲ್ಲಿ ಎಂಐಎಸ್ ಎಂದು ಬಿಬಿಎ, ಬಿಕಾಂ, ಎಂಬಿಎ ಪಠ್ಯಗಳಲ್ಲಿ ಬರುವ ಪೇಪರು ಇದರದ್ದೇ ತುಣುಕು.

ಪಿಯು ಮುಗಿಸಿದವರು ಯಾವ ದಾರಿ ಹಿಡಿಯಬೇಕು

ಈ ಹೆಸರಿನದೇ ಪದವಿ ಎಲ್ಲ ಕಡೆ ಸಿಗುವುದಿಲ್ಲ. ಶಿವಮೊಗ್ಗ ಸುತ್ತಮುತ್ತಲಿನವರು ಸಾಮಾನ್ಯವಾಗಿ ಎರಡು ಮೆಟ್ಟಿಲಲ್ಲಿ ಇದನ್ನು ಕಟ್ಟಿಕೊಳ್ಳುತ್ತಾರೆ. ಮೊದಲು ಬಿಬಿಎ, ಬಿಕಾಂ ಅಥವಾ ಬಿಸಿಎ. ಆಮೇಲೆ ಎಂಬಿಎ ಅಥವಾ ಎಂಸಿಎ. 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟದ ಜ್ಞಾನಸಹ್ಯಾದ್ರಿ ಆವರಣದಲ್ಲಿ ಎಂಬಿಎ, ಎಂಸಿಎ ಎರಡೂ ಇವೆ. ಶಿವಮೊಗ್ಗ ನಗರದಲ್ಲಿ ವಿಟಿಯು ವ್ಯಾಪ್ತಿಯ ಜೆಎನ್‌ಎನ್‌ಸಿಇಯಲ್ಲೂ ಈ ಕೋರ್ಸುಗಳಿವೆ. ಎಂಬಿಎ, ಎಂಸಿಎ ಸರ್ಕಾರಿ ಕೋಟಾದ ಸೀಟು ಬೇಕಿದ್ದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಬರೆಯಬೇಕು. ಎಂಬಿಎಗೆ ಯಾವ ಪದವಿಯಾದರೂ ನಡೆಯುತ್ತದೆ, ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲು ವರ್ಗಕ್ಕೆ ಶೇ. 45 ಅಂಕ ಬೇಕು. ಎಂಸಿಎಗೆ ಬಿಸಿಎ ಇದ್ದರೆ ಸರಿ, ಇಲ್ಲದಿದ್ದರೆ ಸಾಮಾನ್ಯವಾಗಿ ಪಿಯುನಲ್ಲೋ ಪದವಿಯಲ್ಲೋ ಗಣಿತ ಓದಿರಬೇಕು. ಈ ಗಣಿತದ ಷರತ್ತು ಬಹಳ ಮಂದಿಗೆ ಪದವಿ ಮುಗಿದ ಮೇಲೆಯೇ ನೆನಪಾಗುತ್ತದೆ, ಆಗ ಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ.

ಪಿಯು ವಾಣಿಜ್ಯದಲ್ಲಿ ಕಾಂಬಿನೇಶನ್ ಆರಿಸುವಾಗಲೇ ಈ ಓದು ಶುರುವಾಗುತ್ತದೆ ಎನ್ನಬಹುದು. ಸೆಬಾ ಎಂದು ಎಲ್ಲರೂ ಕರೆಯುವ ಎರಡು ಕಾಂಬಿನೇಶನ್‌ಗಳಿವೆ. ಒಂದರಲ್ಲಿ ಕಂಪ್ಯೂಟರ್ ಸೈನ್ಸ್, ಇನ್ನೊಂದರಲ್ಲಿ ಸಂಖ್ಯಾಶಾಸ್ತ್ರ. ಉಳಿದಂತೆ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಎರಡಕ್ಕೂ ಸಮಾನ. ಒಂದನ್ನೇ ಆರಿಸಬೇಕಾದರೆ ಸಂಖ್ಯಾಶಾಸ್ತ್ರವೇ ವಾಸಿ. ಕಂಪ್ಯೂಟರ್ ಆಮೇಲೂ ಕಲಿಯಬಹುದು. ಅಂಕಿಗಳ ಜೊತೆ ಸಲುಗೆ ಬೆಳೆಯಲು ವರ್ಷಗಳು ಹಿಡಿಯುತ್ತವೆ.

ಸೇರುವ ಮೊದಲು ಎರಡು ವಿಷಯ ವಿಚಾರಿಸಿ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಬಂದ ನಾಲ್ಕು ವರ್ಷದ ಪದವಿಯ ಏರ್ಪಾಡನ್ನು ಕರ್ನಾಟಕ 2024–25ರಿಂದ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದೆ. ಹಾಗಾಗಿ ಅಣ್ಣನೋ ಅಕ್ಕನೋ ಓದಿದ ಸಿಲಬಸ್ ನಿಮಗೆ ಅನ್ವಯಿಸದೇ ಇರಬಹುದು. ಎರಡನೆಯದು, ಅದೇ 2024–25ರಿಂದ ಬಿಬಿಎ ಮತ್ತು ಬಿಸಿಎ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ ಅನುಮೋದನೆಯ ವ್ಯಾಪ್ತಿಗೆ ಬಂದಿವೆ. ಕಾಲೇಜಿಗೆ ಆ ವರ್ಷದ ಅನುಮೋದನೆ ಇದೆಯೇ ಎಂದು ಕಚೇರಿಯಲ್ಲಿ ಪತ್ರ ಕೇಳಿ ನೋಡುವುದರಲ್ಲಿ ಸಂಕೋಚ ಬೇಡ.

ಒಂದು ಲಾಟಿನ ಒಳಗೆ ಎಷ್ಟು ಪೇಪರುಗಳಿವೆ

ಡೇಟಾಬೇಸ್, ಲೆಕ್ಕಶಾಸ್ತ್ರ, ಸಿಸ್ಟಮ್ ಅನಾಲಿಸಿಸ್, ತೆರಿಗೆ ಇವೆಲ್ಲ ವೇಳಾಪಟ್ಟಿಯಲ್ಲಿ ಬೇರೆಬೇರೆ ಪಿರಿಯಡ್ಡುಗಳು. ಕೆಲಸದ ಜಾಗದಲ್ಲಿ ಅವು ಬಿಡಿಬಿಡಿಯಾಗಿ ಸಿಗುವುದಿಲ್ಲ. ಆದ್ದರಿಂದ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಇಲ್ಲಿನ ದರ, ತೂಕಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು.

ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ರಾಶಿ ಇಡಿ ಎಂಬ ಬಗೆಯ ಅಡಿಕೆಯನ್ನು ಆರು ಚೀಲ ತಂದಿದ್ದಾರೆ. ಒಟ್ಟು ತೂಕ 396.6 ಕಿಲೋ. ಖಾಲಿ ಗೋಣಿಚೀಲದ ತೂಕ ತಲಾ 900 ಗ್ರಾಂ, ಅಂದರೆ 5.4 ಕಿಲೋ ಕಳೆಯಬೇಕು. ನಿವ್ವಳ 391.2 ಕಿಲೋ, 3.912 ಕ್ವಿಂಟಲ್. ಟೆಂಡರಿನಲ್ಲಿ ನಾಲ್ವರು ವರ್ತಕರು ದರ ಹಾಕಿದರು, ಹೆಚ್ಚಿನದು ಕ್ವಿಂಟಲಿಗೆ ₹50,000. ಬೆಳೆಗಾರರು ಒಪ್ಪಿದರು. ಮೌಲ್ಯ ₹1,95,600.

ಈಗ ಸಾಫ್ಟ್‌ವೇರಿನಲ್ಲಿ ಯಾರೋ ಚೀಲದ ತೂಕವನ್ನು 900 ಗ್ರಾಂ ಬದಲು ಒಂದು ಕಿಲೋ ಎಂದು ದುಂಡಗೆ ಮಾಡಿಟ್ಟಿದ್ದಾರೆ ಎಂದುಕೊಳ್ಳಿ. ಆರು ಚೀಲಕ್ಕೆ 600 ಗ್ರಾಂ ವ್ಯತ್ಯಾಸ. ಬೆಳೆಗಾರರಿಗೆ ₹300 ಕಡಿಮೆ. ದಿನಕ್ಕೆ ಇಂಥ ಇನ್ನೂರು ಲಾಟು ನಡೆಯುವ ಕಡೆ ₹60,000. ಪ್ರೋಗ್ರಾಮಿನಲ್ಲಿ ಒಂದು ಸಾಲೂ ತಪ್ಪಿಲ್ಲ, ಲೆಕ್ಕದ ಎರಡೂ ಬದಿ ತಾಳೆಯಾಗುತ್ತವೆ, ಆಡಿಟ್ ವೇಳೆಯೂ ಇದು ಕಣ್ಣಿಗೆ ಬೀಳುವುದು ಕಷ್ಟ. ತಪ್ಪಿರುವುದು ಮಾಸ್ಟರ್ ಡೇಟಾದ, ಅಂದರೆ ಎಲ್ಲ ಲೆಕ್ಕಕ್ಕೂ ಆಧಾರವಾಗಿ ಒಮ್ಮೆ ತುಂಬಿಟ್ಟ ಮಾಹಿತಿಯ, ಒಂದೇ ಒಂದು ಅಂಕಿಯಲ್ಲಿ. ಯಾವ ಅಂಕಿಯನ್ನು ಯಾರು ಬದಲಿಸಬಹುದು, ಬದಲಿಸಿದರೆ ಯಾರ ಹೆಸರು, ಯಾವ ಹೊತ್ತು ದಾಖಲಾಗಬೇಕು ಎಂದು ನಿರ್ಧರಿಸುವುದಕ್ಕೆ ಪಠ್ಯದಲ್ಲಿ ಐಟಿ ಗವರ್ನೆನ್ಸ್ ಅಥವಾ ಆಂತರಿಕ ನಿಯಂತ್ರಣ ಎನ್ನುತ್ತಾರೆ. ಪರೀಕ್ಷೆಗೆ ವ್ಯಾಖ್ಯಾನ ಬಾಯಿಪಾಠ ಮಾಡುವವರು ಈ ₹300ರ ಲೆಕ್ಕ ಒಮ್ಮೆ ಮಾಡಿ ನೋಡಿದರೆ ಸಾಕು, ತೂಕ ಬರೆಯುವವರಿಗೇ ಬಿಲ್ಲು ತಿದ್ದುವ ಅಧಿಕಾರ ಏಕೆ ಕೊಡಬಾರದು ಎಂಬುದನ್ನೂ ತಾವೇ ಹೇಳಬಲ್ಲರು.

ತೆರಿಗೆಗೆ ಬನ್ನಿ. ಒಣ ಅಡಿಕೆಗೆ ಜಿಎಸ್‌ಟಿ ಶೇ. 5. ಖರೀದಿದಾರರು ಕರ್ನಾಟಕದವರೇ ಆದರೆ ಅದು ಕೇಂದ್ರದ 2.5, ರಾಜ್ಯದ 2.5 ಎಂದು ಒಡೆಯುತ್ತದೆ. ನಮ್ಮ ಲಾಟಿಗೆ ತಲಾ ₹4,890. ಸರಕು ಬೇರೆ ರಾಜ್ಯದ ಖರೀದಿದಾರರಿಗೆ ಹೋಗುವುದಾದರೆ ಪೂರ್ತಿ ₹9,780 ಐಜಿಎಸ್‌ಟಿ. ಒಟ್ಟು ಮೊತ್ತ ಒಂದೇ ಆದರೂ ತಲೆಬರಹ ತಪ್ಪಿದರೆ ಸರಿಪಡಿಸುವ ತಲೆನೋವು ಮಂಡಿಯದು. ಹಾಗಾಗಿ ಬಿಲ್ಲಿನ ಪರದೆಯಲ್ಲಿ ‘ಪೂರೈಕೆಯ ಸ್ಥಳ’ ಎಂಬ ಖಾನೆಯನ್ನು ಖಾಲಿ ಬಿಡಲು ಆಗದಂತೆ ಮಾಡಬೇಕು. ₹50,000 ಮೀರಿದ ಸರಕು ಲಾರಿ ಹತ್ತುವಾಗ ಸಾಗಣೆಗೆಂದು ಆನ್‌ಲೈನ್‌ನಲ್ಲಿ ಪಡೆಯುವ ಇ-ವೇ ಬಿಲ್ ಬೇಕು, ಅದರ ಅವಧಿ ಸಾಮಾನ್ಯ ಸಾಗಣೆಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಬಂದ್ ಆದರೆ ಅವಧಿ ದಾರಿಯಲ್ಲೇ ಮುಗಿಯುತ್ತದೆ. ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯೊಳಗೆ ವಿಸ್ತರಿಸಬಹುದು. ಅದನ್ನು ನೆನಪಿಸುವ ಒಂದು ಎಸ್‌ಎಂಎಸ್ ಇದ್ದರೆ ಲಾರಿ ಚಾಲಕರು ದಾರಿಯ ತಪಾಸಣೆಯಲ್ಲಿ ಸಿಕ್ಕಿಬೀಳುವುದು ತಪ್ಪುತ್ತದೆ.

ಇನ್ನೊಂದು ಮಾತು. ತೆರಿಗೆ, ಮಾರುಕಟ್ಟೆ ಶುಲ್ಕ, ಹಮಾಲಿ ದರ ಇವೆಲ್ಲ ಬದಲಾಗುತ್ತಿರುತ್ತವೆ. ದರವನ್ನು ಪ್ರೋಗ್ರಾಮಿನ ಒಳಗೇ ಬರೆದುಬಿಡುವುದು ಹೊಸಬರು ಮಾಡುವ ದೊಡ್ಡ ತಪ್ಪು. ದರಗಳಿಗೇ ಒಂದು ಪ್ರತ್ಯೇಕ ಟೇಬಲ್ ಮಾಡಿ, ‘ಯಾವ ದಿನಾಂಕದಿಂದ ಜಾರಿ’ ಎಂಬ ಕಾಲಂ ಇಡಬೇಕು. ಹಾಗೆ ಮಾಡದೆ ಹಳೆಯ ದರದ ಮೇಲೆಯೇ ಹೊಸದನ್ನು ತುಂಬಿದರೆ, ಮುಂದಿನ ವರ್ಷ ಹಳೆಯ ಬಿಲ್ಲೊಂದನ್ನು ಮತ್ತೆ ಪ್ರಿಂಟ್ ತೆಗೆದಾಗ ಮೊತ್ತವೇ ಬೇರೆ ಬರುತ್ತದೆ.

ಡೇಟಾಬೇಸ್: ಹೆಚ್ಚು ಹೊತ್ತು ಕೊಡಬೇಕಾದ ಪೇಪರು

ಈ ಪದವಿಯಲ್ಲಿ ಒಂದೇ ಒಂದು ವಿಷಯವನ್ನು ಗಟ್ಟಿ ಮಾಡಿಕೊಳ್ಳಿ ಎಂದರೆ ಅದು ಡೇಟಾಬೇಸ್. ಮಾಹಿತಿಯನ್ನು ಸಂಬಂಧವುಳ್ಳ ಟೇಬಲ್‌ಗಳಾಗಿ ಇಡುವ ಪದ್ಧತಿಯನ್ನು ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟರು. ಇವತ್ತಿಗೂ ಬ್ಯಾಂಕು, ರೈಲ್ವೆ, ಮಂಡಿ ಎಲ್ಲವೂ ಅದರ ಮೇಲೆಯೇ ನಿಂತಿವೆ. ಎಐ ಬಂತೆಂದು ಇದರ ಅಗತ್ಯ ಕಡಿಮೆಯಾಗಿಲ್ಲ. ಹುಳುಕು ಡೇಟಾ ಕೊಟ್ಟರೆ ಅದೂ ಹುಳುಕು ಉತ್ತರವನ್ನೇ ಕೊಡುತ್ತದೆ.

ನಮ್ಮ ಲಾಟಿಗೆ ಎಷ್ಟು ಟೇಬಲ್ ಬೇಕು? ಎಕ್ಸೆಲ್ ಅಭ್ಯಾಸವಿದ್ದವರು ಒಂದೇ ಹಾಳೆ ಮಾಡುತ್ತಾರೆ: ಹೆಸರು, ಊರು, ಫೋನ್, ಚೀಲ 1, ಚೀಲ 2 ಹೀಗೆ ಚೀಲ 6ರವರೆಗೆ, ದರ, ಮೊತ್ತ. ಏಳನೇ ಚೀಲ ಬಂದ ದಿನ ಆ ಹಾಳೆ ಕೈಕೊಡುತ್ತದೆ. ಬೆಳೆಗಾರರು ಫೋನ್ ನಂಬರ್ ಬದಲಿಸಿದರೆ ಹಳೆಯ ಸಾಲುಗಳಲ್ಲೆಲ್ಲ ತಿದ್ದಬೇಕು. ಸರಿಯಾದ ಕ್ರಮದಲ್ಲಿ ಬೆಳೆಗಾರ, ಲಾಟು, ಚೀಲ, ಬಿಡ್, ಬಿಲ್ಲು, ಪಾವತಿ ಎಂದು ಆರು ಟೇಬಲ್. ಒಬ್ಬ ಬೆಳೆಗಾರರಿಗೆ ಹಲವು ಲಾಟು, ಒಂದು ಲಾಟಿಗೆ ಹಲವು ಚೀಲ, ಒಂದು ಲಾಟಿಗೆ ಹಲವು ಬಿಡ್. ಇದನ್ನು ಕಾಗದದ ಮೇಲೆ ಗೆರೆ ಎಳೆದು ಬರೆಯುವುದೇ ಇಆರ್ ಚಿತ್ರ. ಒಂದು ವಿವರ ಒಂದೇ ಜಾಗದಲ್ಲಿರಬೇಕು ಎಂಬುದೇ ನಾರ್ಮಲೈಸೇಶನ್ನಿನ ಜೀವಾಳ. ಮೊದಲನೇ, ಎರಡನೇ, ಮೂರನೇ ನಾರ್ಮಲ್ ಫಾರ್ಮ್‌ಗಳು ಅಲ್ಲಿಗೆ ತಲುಪುವ ಮೆಟ್ಟಿಲುಗಳು.

ಬೆಳೆಗಾರರನ್ನು ಗುರುತಿಸುವ ಕೀ ಯಾವುದು? ಹೆಸರಂತೂ ಅಲ್ಲ. ‘ಮಂಜಪ್ಪ ಕೆ.’, ‘ಕೆ. ಮಂಜಪ್ಪ’, ‘ಮಂಜಪ್ಪಗೌಡ’ ಎಂದು ಮೂರು ಬಗೆಯಲ್ಲಿ ಬರೆದರೆ ಕಂಪ್ಯೂಟರಿಗೆ ಮೂವರು. ಫೋನ್ ನಂಬರೂ ಅಲ್ಲ, ಅದು ಮಗನದ್ದಿರಬಹುದು. ರಾಜ್ಯ ಸರ್ಕಾರದ ಫ್ರೂಟ್ಸ್ ತಂತ್ರಾಂಶ ರೈತರಿಗೆ ಕೊಡುವ ಎಫ್‌ಐಡಿ ಒಳ್ಳೆಯ ಗುರುತು, ಆದರೆ ಅದನ್ನು ಮಾಡಿಸಿಕೊಳ್ಳದವರೂ ಮಂಡಿಗೆ ಬರುತ್ತಾರೆ. ಸಂಸ್ಥೆಯೇ ಕೊಡುವ ಸದಸ್ಯ ಸಂಖ್ಯೆಯನ್ನು ಪ್ರೈಮರಿ ಕೀ ಮಾಡಿ, ಎಫ್‌ಐಡಿಯನ್ನು ಇನ್ನೊಂದು ಕಾಲಂನಲ್ಲಿ ಇಡುವುದು ನಂಬಬಹುದಾದ ದಾರಿ.

ಇನ್ನು, ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯುಎಲ್ ಕಲಿತವರೂ ಎಡವುವ ಒಂದು ಜಾಗವನ್ನು ಹತ್ತಿರದಿಂದ ನೋಡಬೇಕು. ‘ಈ ಲಾಟಿನ ಒಟ್ಟು ತೂಕ ಎಷ್ಟು, ಎಷ್ಟು ಜನ ಬಿಡ್ ಹಾಕಿದರು’ ಎಂದು ಒಂದೇ ವರದಿ ಕೇಳುತ್ತಾರೆ. ವಿದ್ಯಾರ್ಥಿ ಲಾಟು ಟೇಬಲ್ಲಿಗೆ ಚೀಲದ ಟೇಬಲ್ ಜೋಡಿಸಿ, ಅದಕ್ಕೇ ಬಿಡ್ ಟೇಬಲ್ಲನ್ನೂ ಜಾಯಿನ್ ಮಾಡುತ್ತಾನೆ. ಆರು ಚೀಲ, ನಾಲ್ಕು ಬಿಡ್. ಪ್ರತಿ ಚೀಲವೂ ಪ್ರತಿ ಬಿಡ್ ಜೊತೆ ಸೇರಿ 24 ಸಾಲು ಬರುತ್ತವೆ. ತೂಕ ಕೂಡಿದರೆ 391.2 ಬದಲು 1,564.8 ಕಿಲೋ, ನಾಲ್ಕು ಪಟ್ಟು. ಎರರ್ ಏನೂ ಬರುವುದಿಲ್ಲ. ಒಂದೇ ಲಾಟಾದರೆ ಗೊತ್ತಾಗುತ್ತದೆ. ತಿಂಗಳ ವರದಿಯಲ್ಲಿ ಸಾವಿರಾರು ಲಾಟುಗಳ ನಡುವೆ ಮುಚ್ಚಿಹೋಗುತ್ತದೆ, ಬಿಡ್‌ಗಳ ಎಣಿಕೆ ಲಾಟಿನಿಂದ ಲಾಟಿಗೆ ಬೇರೆಬೇರೆ ಇರುವುದರಿಂದ ಎಷ್ಟು ಪಟ್ಟು ಉಬ್ಬಿದೆ ಎಂದು ಭಾಗಿಸಿ ತೆಗೆಯುವುದೂ ಆಗದು. ಪರಿಹಾರ ಸುಲಭ. ಮೊದಲು ಚೀಲಗಳನ್ನು ಲಾಟುವಾರು ಕೂಡಿ ಒಂದು ಸಾಲು ಮಾಡಿಕೊಳ್ಳಿ, ಬಿಡ್‌ಗಳನ್ನೂ ಹಾಗೆಯೇ ಎಣಿಸಿ ಒಂದು ಸಾಲು ಮಾಡಿ, ಆಮೇಲೆ ಜೋಡಿಸಿ. ವರದಿ ಬರೆದ ಪ್ರತಿ ಸಲವೂ ಒಂದು ಲಾಟನ್ನು ಕೈಲೆಕ್ಕದಲ್ಲಿ ಪರೀಕ್ಷಿಸಿ ನೋಡುವ ಅಭ್ಯಾಸ ಇಟ್ಟುಕೊಂಡವರು ಈ ಹೊಂಡಕ್ಕೆ ಬೀಳುವುದಿಲ್ಲ.

ಕನ್ನಡದ ಕಡತಗಳಿಗೆ ಮತ್ತೊಂದು ತೊಡಕಿದೆ. ಹಳೆಯ ಸಹಕಾರ ಸಂಘಗಳಲ್ಲಿ ಸದಸ್ಯರ ಪಟ್ಟಿಯನ್ನು ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟಿರುತ್ತಾರೆ. ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಡೇಟಾಬೇಸಿಗೆ ಹಾಕಿದರೆ ಅರ್ಥವಿಲ್ಲದ ಅಕ್ಷರರಾಶಿ, ಹುಡುಕಿದರೆ ಸಿಗದು, ಅಕಾರಾದಿಯೂ ಆಗದು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಕಗಳು ಒತ್ತಕ್ಷರ ಮತ್ತು ಅರ್ಕಾವತ್ತಿನಲ್ಲಿ ಆಗಾಗ ತಪ್ಪುತ್ತವೆ, ಆದ್ದರಿಂದ ‘ಕೀರ್ತಿ’, ‘ಸೂರ್ಯನಾರಾಯಣ’, ‘ಲಕ್ಷ್ಮಮ್ಮ’ನಂಥ ಹೆಸರುಗಳನ್ನು ಆರಿಸಿ ಕಣ್ಣಾರೆ ನೋಡಬೇಕು.

ಸೂತ್ರ ಕಲಿಯುವುದು, ಸೂತ್ರ ಯಾವಾಗ ಸುಳ್ಳಾಗುತ್ತದೆ ಎಂದು ತಿಳಿಯುವುದು

ವಾಣಿಜ್ಯದ ಪೇಪರುಗಳಲ್ಲಿ ಸೂತ್ರಗಳು ಬರುತ್ತವೆ. ದಾಸ್ತಾನು ನಿರ್ವಹಣೆಯ ಇಒಕ್ಯು ತೆಗೆದುಕೊಳ್ಳಿ. ಒಂದು ಸಲಕ್ಕೆ ಎಷ್ಟು ಸರಕು ತರಿಸಿದರೆ ಖರ್ಚು ಅತಿ ಕಡಿಮೆ ಎಂದು ಇದು ಹೇಳುತ್ತದೆ. ವರ್ಷದ ಬೇಡಿಕೆಯನ್ನು ಒಂದು ಆರ್ಡರಿನ ಖರ್ಚಿನಿಂದ ಗುಣಿಸಿ, ಎರಡರಿಂದ ಗುಣಿಸಿ, ಒಂದು ಚೀಲವನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ತೀರ್ಥಹಳ್ಳಿಯ ಒಂದು ಕೃಷಿ ಸಾಮಗ್ರಿ ಅಂಗಡಿಗೆ ವರ್ಷಕ್ಕೆ 1,200 ಚೀಲ ಮೈಲುತುತ್ತ ಬೇಕು, ಒಂದು ಆರ್ಡರಿಗೆ ₹600 ಖರ್ಚು, ಒಂದು ಚೀಲ ಇಟ್ಟುಕೊಳ್ಳಲು ವರ್ಷಕ್ಕೆ ₹40 ಎಂದಿಟ್ಟುಕೊಳ್ಳಿ. ಉತ್ತರ ಸುಮಾರು 190 ಚೀಲ, ವರ್ಷಕ್ಕೆ ಆರೇಳು ಆರ್ಡರ್.

ಪರೀಕ್ಷೆಯಲ್ಲಿ ಪೂರ್ತಿ ಅಂಕ. ಅಂಗಡಿಯಲ್ಲಿ ನಷ್ಟ. ಏಕೆಂದರೆ ಬೇಡಿಕೆ ವರ್ಷವಿಡೀ ಒಂದೇ ಸಮ ಇರುತ್ತದೆ ಎಂದು ಆ ಸೂತ್ರ ನಂಬಿಕೊಂಡಿದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಹೊತ್ತಿಗೆ, ಎರಡನೆಯದು ಅದಾಗಿ 40–45 ದಿನಕ್ಕೆ. ಅಂದರೆ ವರ್ಷದ ಮಾರಾಟವೆಲ್ಲ ಹೆಚ್ಚುಕಡಿಮೆ ಎರಡು ಗಡುವಿನೊಳಗೆ. ಜನವರಿಯಲ್ಲಿ 190 ಚೀಲ ತಂದಿಟ್ಟರೆ ಬಂಡವಾಳ ಸುಮ್ಮನೆ ಕೂರುತ್ತದೆ. ಜೂನ್ ಮೊದಲ ವಾರ ಬರೀ 190 ಇದ್ದರೆ ರೈತರು ಪಕ್ಕದ ಅಂಗಡಿಗೆ ಹೋಗುತ್ತಾರೆ, ಮಳೆ ಬಿಡುವು ಕೊಡುವ ಎರಡು ದಿನ ಯಾರೂ ಕಾಯುವುದಿಲ್ಲ. ಇಲ್ಲಿ ಬೇಕಿರುವುದು ಕಳೆದ ವರ್ಷಗಳ ವಾರವಾರು ಮಾರಾಟದ ಅಂಕಿ ಮತ್ತು ಸರಕು ಬರಲು ಹಿಡಿಯುವ ದಿನಗಳ ಲೆಕ್ಕ. ಮಲೆನಾಡಿನ ವಿದ್ಯಾರ್ಥಿಗೆ ಈ ತಿಳಿವಳಿಕೆ ಮನೆಯಲ್ಲೇ ಇರುತ್ತದೆ. ಅದನ್ನು ತರಗತಿಗೆ ತರಲು ಹಿಂಜರಿಯಬಾರದು.

ಸಂಖ್ಯಾಶಾಸ್ತ್ರದಲ್ಲೂ ಹೀಗೆಯೇ. ಐದು ರಾಶಿ ಲಾಟುಗಳ ದರ 48, 49, 50, 51 ಮತ್ತು 82 ಸಾವಿರ ಎಂದು ದಾಖಲಾಗಿದೆ. ಸರಾಸರಿ 56 ಸಾವಿರ. ಮಧ್ಯಾಂಕ 50 ಸಾವಿರ. ಕೊನೆಯದು ರಾಶಿಯಲ್ಲ, ‘ಸರಕು’ ಎಂಬ ಹೆಚ್ಚು ಬೆಲೆಯ ಬಗೆಯ ಅಡಿಕೆಯನ್ನು ತಪ್ಪು ತಲೆಬರಹದಲ್ಲಿ ಬರೆದದ್ದು. ‘ಇವತ್ತಿನ ರಾಶಿ ಸರಾಸರಿ 56 ಸಾವಿರ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹೋದ ಸುದ್ದಿ ನಂಬಿ ಮಾರನೇ ದಿನ ಅಡಿಕೆ ತುಂಬಿಕೊಂಡು ಬಂದವರಿಗೆ ಆಗುವ ನಿರಾಶೆ ಎಷ್ಟು ಎಂದು ಯೋಚಿಸಿ. ಸರಾಸರಿ ಪ್ರಕಟಿಸುವ ಮೊದಲು ಅತಿ ಹೆಚ್ಚಿನ, ಅತಿ ಕಡಿಮೆ ಐದೈದು ದಾಖಲೆಗಳನ್ನು ತೆರೆದು ನೋಡುವುದು ಎರಡು ನಿಮಿಷದ ಕೆಲಸ.

ಲೆಕ್ಕಶಾಸ್ತ್ರದಲ್ಲಿ ದಾಸ್ತಾನಿನ ಬೆಲೆ ಕಟ್ಟುವ ಅಧ್ಯಾಯವನ್ನು ಬಿಡಬೇಡಿ. ವರ್ತಕರು 10 ಕ್ವಿಂಟಲನ್ನು ಕ್ವಿಂಟಲಿಗೆ ₹48,000ದಂತೆ, ಆಮೇಲೆ 10 ಕ್ವಿಂಟಲನ್ನು ₹52,000ದಂತೆ ಕೊಂಡು, 10 ಕ್ವಿಂಟಲನ್ನು ₹51,000ದಂತೆ ಮಾರಿದರು. ಮೊದಲು ಬಂದದ್ದು ಮೊದಲು ಹೋಯಿತು ಎಂದರೆ ಲಾಭ ₹30,000. ಸರಾಸರಿ ಬೆಲೆಯಂತೆ ₹10,000. ಎರಡೂ ಒಪ್ಪಿತ ವಿಧಾನಗಳೇ. ಸಾಫ್ಟ್‌ವೇರ್ ಹಾಕುವ ದಿನ ಯಾವುದನ್ನು ಆರಿಸಿದಿರಿ ಎಂಬುದರ ಮೇಲೆ ವರ್ಷದ ಕೊನೆಯ ಲಾಭದ ಅಂಕಿ ನಿಂತಿದೆ, ಆ ಆಯ್ಕೆಯನ್ನು ಪ್ರೋಗ್ರಾಮರ್ ಒಬ್ಬರೇ ಮಾಡುವಂತಿಲ್ಲ.

ಕರೆಂಟು ಹೋದಾಗ ನಡೆಯುವ ವ್ಯವಸ್ಥೆ

ಐಟಿ ಸೇವಾ ನಿರ್ವಹಣೆಯ ಪೇಪರಿನಲ್ಲಿ ಎಸ್‌ಎಲ್‌ಎ ಬರುತ್ತದೆ: ಸೇವೆ ವರ್ಷದಲ್ಲಿ ಎಷ್ಟು ಹೊತ್ತು ಲಭ್ಯವಿರಬೇಕು ಎಂಬ ಒಪ್ಪಂದ. ಶೇ. 99 ಎಂದರೆ ಕೇಳಲು ಚೆನ್ನ, ಆದರೆ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಹೆಚ್ಚು ಹೊತ್ತು ಬಂದ್. ಶೇ. 99.9 ಎಂದರೆ ಸುಮಾರು ಎಂಟು ಮುಕ್ಕಾಲು ಗಂಟೆ. ಆದರೆ ಇದು ಸಾಮಾನ್ಯವಾಗಿ ಸರ್ವರ್ ಇರುವ ಕಡೆಯ ಲೆಕ್ಕ. ಹೊಸನಗರದ ಸೊಸೈಟಿಯಲ್ಲಿ ಜುಲೈ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದು, ನೆಟ್‌ವರ್ಕೂ ಹೋದರೆ ಬೆಂಗಳೂರಿನ ಸರ್ವರ್ ಓಡುತ್ತಿದ್ದರೂ ಇಲ್ಲಿ ಬಿಲ್ಲು ಬರುವುದಿಲ್ಲ.

ಹಾಗಾಗಿ ಮಲೆನಾಡಿಗೆ ಮಾಡುವ ವ್ಯವಸ್ಥೆ ಆಫ್‌ಲೈನ್‌ನಲ್ಲೂ ನಡೆಯಬೇಕು. ತೂಕ, ರಸೀದಿ ಸ್ಥಳೀಯವಾಗಿ ದಾಖಲಾಗಿ, ಸಂಪರ್ಕ ಬಂದ ಮೇಲೆ ಸರ್ವರಿಗೆ ಹೋಗಬೇಕು. ಇಲ್ಲಿ ಆಗುವ ಅನಾಹುತ ರಸೀದಿ ಸಂಖ್ಯೆಯದು. ಎರಡು ಕೌಂಟರುಗಳು ಆಫ್‌ಲೈನ್‌ನಲ್ಲಿ ಇದ್ದಾಗ ಎರಡೂ 1045 ಎಂಬ ಸಂಖ್ಯೆ ಕೊಟ್ಟರೆ, ಸಂಪರ್ಕ ಬಂದಾಗ ಒಂದು ರಸೀದಿ ಇನ್ನೊಂದನ್ನು ಅಳಿಸಬಹುದು. ಕೌಂಟರಿನ ಗುರುತನ್ನು ಸಂಖ್ಯೆಯ ಮುಂದೆ ಸೇರಿಸಿದರೆ, ಎ-1045, ಬಿ-1045 ಎಂದು, ಮುಗಿಯಿತು. ಬ್ಯಾಕಪ್ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ತಿಂಗಳಿಗೊಮ್ಮೆಯಾದರೂ ಬ್ಯಾಕಪ್ಪಿನಿಂದ ಡೇಟಾ ಮರಳಿ ತೆಗೆದು ನೋಡದಿದ್ದರೆ ಅದು ಇದೆ ಎಂದು ನಂಬುವಂತಿಲ್ಲ.

ಕಾನೂನಿನ ಪೇಪರು ಚಿಕ್ಕದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂಬ 2022ರ ನಿರ್ದೇಶನ, ಈ ಮೂರು ನೆನಪಿರಲಿ.

ಪ್ರಾಜೆಕ್ಟು: ಎಲ್ಲಿ, ಹೇಗೆ

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟನ್ನು ಬೆಂಗಳೂರಿನ ಯಾವುದೋ ಅಂಗಡಿಯಿಂದ ದುಡ್ಡು ಕೊಟ್ಟು ತರುವ ಚಾಳಿ ಇದೆ. ಅದರಿಂದ ಆಗುವ ನಷ್ಟ ನೇರವಾಗಿ ವಿದ್ಯಾರ್ಥಿಗೇ. ಇಲ್ಲೇ ಎಷ್ಟು ಜಾಗಗಳಿವೆ ನೋಡಿ: ಅಡಿಕೆ ಮಂಡಿಗಳು, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು, ಆಸ್ಪತ್ರೆಗಳು, ಹೋಮ್‌ಸ್ಟೇಗಳು, ಪ್ರತಿ ಹೋಬಳಿಯ ಪತ್ತಿನ ಸಹಕಾರ ಸಂಘಗಳು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ₹2,516 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು, ಆಗ ಹಾಕಿಕೊಂಡ ಗುರಿ 63,000 ಸಂಘಗಳು. ಹಳ್ಳಿಯ ಸೊಸೈಟಿಯೊಳಗೆ ಲೆಕ್ಕ, ಸಾಲ, ದಾಸ್ತಾನು ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ತಂತ್ರಾಂಶವಾದ ಇಆರ್‌ಪಿ ಬರುತ್ತಿದೆ ಎಂದರೆ ಹಳೆಯ ಪುಸ್ತಕದಿಂದ ಹೊಸ ವ್ಯವಸ್ಥೆಗೆ ಬಾಕಿಗಳನ್ನು ಸರಿಯಾಗಿ ಸಾಗಿಸಬಲ್ಲವರು ಬೇಕು.

ಮೊದಲ ವಾರ ಕಂಪ್ಯೂಟರ್ ಮುಟ್ಟಬೇಡಿ. ಕೆಲಸ ಹೇಗೆ ನಡೆಯುತ್ತದೆ ಎಂದು ನಿಂತು ನೋಡಿ. ಮಾಲೀಕರನ್ನು, ಕಾರ್ಯದರ್ಶಿಯನ್ನು ಕೇಳಿದರೆ ಕೆಲಸ ಹೇಗೆ ನಡೆಯಬೇಕು ಎಂದು ಹೇಳುತ್ತಾರೆ. ತೂಕದ ಕಾಟಾದ ಹತ್ತಿರ ಇರುವವರನ್ನು, ಹಮಾಲರನ್ನು ಕೇಳಿದರೆ ನಿಜಕ್ಕೂ ಹೇಗೆ ನಡೆಯುತ್ತದೆ ಎಂದು ಹೇಳುತ್ತಾರೆ. ಬೆಳೆಗಾರರು ದರ ಒಪ್ಪದೆ ಲಾಟು ವಾಪಸ್ ಒಯ್ದರೆ ಏನು ಬರೆಯುತ್ತೀರಿ? ಸಾಲದ ಬಾಕಿ ಇದ್ದರೆ ಯಾವಾಗ ಕಳೆಯುತ್ತೀರಿ? ಒಂದು ಚೀಲ ಒದ್ದೆಯಾಗಿದ್ದರೆ? ಪ್ರಶ್ನೆಗಳು ಕನ್ನಡದಲ್ಲೇ ಇರಲಿ, ಟಿಪ್ಪಣಿಯೂ ಕನ್ನಡದಲ್ಲೇ. ಕಾಲೇಜಿಗೆ ಬೇಕಾದ ಇಂಗ್ಲಿಷ್ ವರದಿಯನ್ನು ಅದರಿಂದ ಆಮೇಲೆ ಬರೆಯಬಹುದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ಹಂತದಲ್ಲಿ ದೊಡ್ಡ ಅನುಕೂಲವಿದೆ, ಜನ ಅವರ ಬಳಿ ಬಿಚ್ಚಿ ಮಾತಾಡುತ್ತಾರೆ.

ಎರಡನೇ ವಾರ ಈಗಿನ ಕೆಲಸದ ಹರಿವಿನ ಚಿತ್ರ ಬರೆದು ಅವರಿಗೇ ತೋರಿಸಿ ತಿದ್ದಿಸಿಕೊಳ್ಳಿ. ಆಮೇಲೆ ಟೇಬಲ್‌ಗಳು, ಪರದೆಗಳು, ಪರೀಕ್ಷೆ. ಹೊಸ ವ್ಯವಸ್ಥೆ ಶುರುಮಾಡಲು ಏಪ್ರಿಲ್ 1 ಅನುಕೂಲ, ಆರಂಭಿಕ ಶಿಲ್ಕುಗಳನ್ನು ಹಾಕುವುದು ಸುಲಭ. ಆವಕ ಜೋರಿರುವ ವಾರಗಳಲ್ಲಿ ಮಾತ್ರ ಬದಲಾವಣೆಗೆ ಕೈಹಾಕಬಾರದು. ಕನಿಷ್ಠ ಒಂದು ತಿಂಗಳು ಹಳೆಯ ಪುಸ್ತಕ, ಹೊಸ ಸಾಫ್ಟ್‌ವೇರ್ ಎರಡರಲ್ಲೂ ಬರೆದು, ಸಂಜೆ ಒಟ್ಟು ಮೊತ್ತ ತಾಳೆ ನೋಡಬೇಕು. ಬೇಸರದ ಕೆಲಸ, ಆದರೆ ಇದನ್ನು ತಪ್ಪಿಸಿದ ಕಡೆ ಎರಡನೇ ತಿಂಗಳಲ್ಲಿ ಸಿಬ್ಬಂದಿ ಪುಸ್ತಕಕ್ಕೇ ಮರಳಿರುತ್ತಾರೆ.

ಕಾಲೇಜಿನಲ್ಲಿ ಸಿಗದ ವಿಷಯವನ್ನು ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದಲ್ಲಿ ಓದಬಹುದು. 2021ರ ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಪಡೆಯಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ನಿಮ್ಮ ವಿಭಾಗ ಯಾವ ಕೋರ್ಸಿಗೆ ಕ್ರೆಡಿಟ್ ಒಪ್ಪುತ್ತದೆ ಎಂದು ಸೇರುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.

ಕೆಲಸದ ವಿಚಾರ. ಬಿಸಿನೆಸ್ ಅನಲಿಸ್ಟ್, ಇಆರ್‌ಪಿ ಫಂಕ್ಷನಲ್ ಕನ್ಸಲ್ಟೆಂಟ್, ಡೇಟಾ ಅನಲಿಸ್ಟ್, ಸಿಸ್ಟಮ್ ಆಡಿಟ್ ಸಹಾಯಕ, ಇವು ಸಾಮಾನ್ಯ ಹುದ್ದೆಗಳು. ಪದವಿ ಮುಗಿಯುವ ಮೊದಲೇ ದೊಡ್ಡ ಕಂಪನಿಗಳು ಬಳಸುವ ಇಆರ್‌ಪಿ ತಂತ್ರಾಂಶವಾದ ಸ್ಯಾಪ್ ತರಬೇತಿಗೆಂದು ದೊಡ್ಡ ಮೊತ್ತ ಕಟ್ಟುವವರಿದ್ದಾರೆ. ಅದರಲ್ಲಿ ಹಣಕಾಸಿಗೆ ಎಫ್‌ಐ, ಖರೀದಿ ಮತ್ತು ದಾಸ್ತಾನಿಗೆ ಎಂಎಂ, ಮಾರಾಟಕ್ಕೆ ಎಸ್‌ಡಿ ಎಂಬ ಬೇರೆ ಬೇರೆ ಮಾಡ್ಯೂಲುಗಳಿವೆ. ಪ್ರಾಜೆಕ್ಟಿನಲ್ಲಿ ಯಾವ ಕೆಲಸವನ್ನು ಹತ್ತಿರದಿಂದ ನೋಡಿದ್ದೀರೋ ಅದಕ್ಕೆ ಹೊಂದುವ ಮಾಡ್ಯೂಲನ್ನು, ಪ್ರಾಜೆಕ್ಟು ಮುಗಿದ ಮೇಲೆ ಆರಿಸಿ. ಸಂದರ್ಶನಕ್ಕೆ ಹೋಗುವಾಗ ಪ್ರಮಾಣಪತ್ರಗಳ ಜೊತೆ ನೀವೇ ಬರೆದ ಹರಿವಿನ ಚಿತ್ರ, ಇಆರ್ ಚಿತ್ರ, ಒಂದು ತಿಂಗಳ ತಾಳೆ ಪಟ್ಟಿ, ಅದರಲ್ಲಿ ಸಿಕ್ಕ ವ್ಯತ್ಯಾಸಗಳು ಮತ್ತು ಪ್ರತಿಯೊಂದಕ್ಕೂ ಕಾರಣ ಬರೆದ ಒಂದು ಹಾಳೆ ಫೈಲಿನಲ್ಲಿರಲಿ. ಆ ಹಾಳೆಯಲ್ಲಿ ಬೆಳೆಗಾರರ ಹೆಸರು, ಫೋನ್, ಖಾತೆ ಸಂಖ್ಯೆ ಅಳಿಸಿರಬೇಕು, ಸಂಸ್ಥೆಯ ಒಪ್ಪಿಗೆ ಪತ್ರವೂ ಜೊತೆಗಿರಬೇಕು.